ಸೊಲ್ಲಾಪುರದಲ್ಲಿ ಭೂರ್ಜ

ಗೋಣಿಚೀಲದ ಮುಗ್ಗಲು ವಾಸನೆ, ಇವರು ಬಿಚ್ಚುತ್ತಿದ್ದಾರೆ, ಕೋರ್ಟಿಗೆ ಹೊತ್ತಾದರೂ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಒಣಗಿದ ಭೂರ್ಜದ ಗಿಡಕ್ಕೆ ಸುತ್ತಿದ್ದ ಚೀಲ — ಏಪ್ರಿಲ್ ಬಿಸಿಲು ಒಂಬತ್ತಕ್ಕೇ ನೆತ್ತಿ ಸುಡುತ್ತಿದೆ, ಇಲ್ಲಿ ಮನುಷ್ಯರೇ ಬಾಡುವಾಗ ಹಿಮದ ನಾಡಿನ ಗಿಡ ಬದುಕೀತೇ, ಆದರೆ ಅಕ್ಕಲಕೋಟದ ಶಾಸ್ತ್ರಿಗಳು ಹೇಳಿಬಿಟ್ಟಿದ್ದರಲ್ಲ, ಸಂತಾನದ ತಾಯಿತ ಬರಿಯಾಕ ಖರೇ ಭೂರ್ಜದ ತೊಗಟಿ ಬೇಕ್ರಿ, ಪ್ಯಾಟ್ಯಾಗಿಂದು ನಕಲಿ, ಅತ್ತೆಗೆ ಅಷ್ಟೇ ಸಾಕಾಯಿತು, ಎಪ್ಪತ್ತಮೂರನೇ ಇಸವಿಯಲ್ಲಿ ಮಗನನ್ನು ಕರೆದುಕೊಂಡು ಬದರಿಯಾತ್ರೆಗೆ ಹೋದವರು ಅಲ್ಲಿಂದ ತೊಗಟೆ ತರಬಾರದೇ, ಸಸಿಯನ್ನೇ ಎಣ್ಣೆಡಬ್ಬಿಯಲ್ಲಿ ಹೊತ್ತು ತಂದರು, ಮಂದಿ ಮುಟ್ಟಿದ್ದು ಬ್ಯಾಡ, ನಮ್ಮ ಅಂಗಳದಾಗ ಬೆಳದದ್ದ ಮಡಿ, ನನ್ನನ್ನು ಮಾತ್ರ ಕರೆದೊಯ್ಯಲಿಲ್ಲ, ಮನೆ ಕಾಯಲು ಯಾರಾದರೂ ಬೇಕಲ್ಲ, ಮೂರು ವರ್ಷವಾಯಿತು, ಬೆರಳುಗಾತ್ರದ ಕಾಂಡ, ಅದು ತೊಗಟೆ ಬಿಡುವಷ್ಟರಲ್ಲಿ ನನ್ನ ಕೂದಲು ಬೆಳ್ಳಗಾಗುತ್ತಿತ್ತು, ಈಗಲೇ ಮೂವತ್ತೈದು, ಆದರೂ ನೀರೆರೆದವಳು ನಾನೇ, ನಳದ ಸಾಲಿನಲ್ಲಿ ನಿಂತು ತಂದ ನೀರು, ಎಷ್ಟು ನಾಚಿಕೆಗೆಟ್ಟು ಆಸೆಪಟ್ಟೆ.

ಹೋದ ದೀಪಾವಳಿಗೆ ಡಾಕ್ಟರಬಾಯಿ ತಪಾಸಣೆ ಮಾಡಿ ನಕ್ಕಳು, ಕಾಹೀ ದೋಷ ನಾಹೀ ಗೋಪಿಕಾಬಾಯಿ, ನಿಮ್ಮೊಳಗ ಏನೂ ದೋಷ ಇಲ್ಲ, ನಿಮ್ಮ ಮಾಲಕರನ್ನ, ಯಜಮಾನರನ್ನ, ಒಮ್ಮಿ ಕರಕೊಂಡ ಬರ್ರಿ, ಅವರದೂ ನೋಡಬೇಕು, ಓಡೋಡಿ ಬಂದು ಹೇಳಿದೆ, ಇವರು ಗಿಡದ ಎಲೆ ಎಣಿಸುತ್ತಿದ್ದರು, ನನಗೇನಾಗ್ಯದ ಅಂದರು, ತಿರುಗಿ ಕೂಡ ನೋಡಲಿಲ್ಲ, ಅವ್ವನ ಮುಂದ ಇದನ್ನ ಆಡಬ್ಯಾಡ, ಆಡಲಿಲ್ಲ, ಅತ್ತೆಯ ಬಾಯಲ್ಲಿ ಬಂಜೆಯಾಗಿ ನಾನೇ ಉಳಿದೆ, ಆ ಮಾತನ್ನು ಇವರು ಊಟಕ್ಕೆ ಕೂತು ಕೇಳುತ್ತಾರೆ, ಇನ್ನೊಂದು ಭಕ್ಕರಿ ಹಾಕು ಅನ್ನುತ್ತಾರೆ, ಹಾಕುತ್ತೇನೆ, ಥೂ ನನ್ನ ಜನ್ಮಕ್ಕೆ — ಈಗ ಉಗುರಿನಿಂದ ಕಾಂಡ ಕೆರೆಯುತ್ತಿದ್ದಾರೆ, ಒಳಗೆ ಹಸಿರು ಉಳಿದಿದೆಯೇನೋ ಎಂದು, ಕಂದು, ಅದರ ಕೆಳಗೂ ಕಂದು, ಅತ್ತೆ ಹೊಸ್ತಿಲಿಗೆ ಬಂದರು, ಇಕಿ ಕೈಯಾಗ ಗಿಡಾನೂ ನಿಲ್ಲಲಿಲ್ಲ ನೋಡು, ಇವರು ತಲೆ ಎತ್ತಿದರು, ಹೇಳುತ್ತಾರೆ, ಈಗಲಾದರೂ ಹೇಳಲಿ, ಹಂಗ ಅನಬ್ಯಾಡವ್ವ ಅಂದರು, ಎಷ್ಟು ಮೆತ್ತಗೆ, ಹದಿನೈದು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ, ಹಂಗ ಅನಬ್ಯಾಡ, ಗಿಡದ್ದೇನೂ ತಪ್ಪಿಲ್ಲ, ಇಲ್ಲಿ ಹವಾ ಅದಕ್ಕ ಒಗ್ಗಲಿಲ್ಲ — ಗಿಡದ್ದು, ಗಿಡದ್ದು ತಪ್ಪಿಲ್ಲ — ಮತ್ತೆ ಬಗ್ಗಿದರು, ಇನ್ನೂ ಕೆಳಗೆ, ಬೇರಿನ ಹತ್ತಿರ, ಆ ಉಗುರು, ನೋವಾಗದ ಹಾಗೆ, ಮೆಲ್ಲಗೆ, ಕೆರೆಯುತ್ತಿದೆ, ಆ ಉಗುರು