ತೆರುಖ್ ಅಂದರೆ ಚಿಲ್ಲರೆ

"ಅವ್ವಾ, ಕಾಟ್ ಕಿಟಕಿ ಕೆಳಗ ಹಾಕೂಣು. ಮುಂಜಾನೆ ಬಿಸಲು ನೇರ ಬೀಳತೈತಿ," ಎಂದು ಅಮೂಲ್ಯಾ ಹಿಂದಿನ ಕೋಣೆಯಿಂದ ಕೂಗಿದಳು. ನೆಲದ ಮೇಲೆ ಮಂಡಿಯೂರಿ, ಅವ್ವನ ಹೊಲಿಗೆಯ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆಯುತ್ತಿದ್ದಳು. ಮಂಚ ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ಟೇಪಿನ ಮೇಲೆ ಪೆನ್ನಿನಿಂದ ಒಂದು ಗೀಟು ಎಳೆದಳು.

"ಅಯ್ಯ, ಟೇಪಿನ ಮ್ಯಾಲೆ ಗೀಟು ಹೊಡೀಬ್ಯಾಡವಾ, ಹೋಗಂಗಿಲ್ಲದು!" ಕಮಲವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಗದರಿಸಿದಳು. "ಕಾಟ್ ಎಲ್ಲಿ ಹಾಕಿದ್ರೂ ನಡೀತೈತಿ ತಗೋ. ನಾ ಏನ್ ಅದನ್ನ ಹೊತ್ಕೊಂಡು ತಿರಗಾಡತೇನೇನು?"

ಬಾಯಲ್ಲಿ ಹಾಗಂದರೂ ಮುಖ ಅರಳಿತ್ತು. ತನಗೇ ಅಂತ ಒಂದು ಕೋಣೆ ಆಕೆಗೆ ಈವರೆಗೆ ಸಿಕ್ಕಿರಲಿಲ್ಲ. ಹುಬ್ಬಳ್ಳಿಯಲ್ಲಿ ಹೊಲಿಗೆ ಅಂಗಡಿಯ ಹಿಂದಿನ ಅರ್ಧ ಜಾಗವೇ ಮನೆ; ರಾತ್ರಿ ಹಾಸಿಗೆ ಬಿಡಿಸಬೇಕೆಂದರೆ ಹೊಲಿಗೆ ಮಶೀನನ್ನು ಗೋಡೆಗೆ ತಳ್ಳಬೇಕಾಗಿತ್ತು. ಇಲ್ಲಿ ನೋಡಿದರೆ ಕಿಟಕಿ, ಕಿಟಕಿಯಾಚೆ ಸಣ್ಣ ಹಿತ್ತಲು, ಹಿತ್ತಲಲ್ಲಿ ಒಂದು ಸೇಬಿನ ಗಿಡ. ಅಲ್ಲೊಂದು ಕರಿಬೇವು ಹತ್ತುತ್ತದೋ ಇಲ್ಲವೋ ಎಂದು ಆಗಲೇ ಲೆಕ್ಕ ಹಾಕುತ್ತಿದ್ದಳು.

ಬಾಡಿಗೆಗೆಂದು ನೋಡಲು ಬಂದ ಈ ಮನೆ ಇದ್ದದ್ದು ಗ್ರೊನಾವ್‌ನಲ್ಲಿ. ಅಂದರೆ ಜರ್ಮನಿಯಲ್ಲಿ. ಮಗಳು, ಅಳಿಯ ಈಗ ಇರುವ ನೆದರ್ಲ್ಯಾಂಡ್ಸಿನ ಎನ್ಸ್‌ಕೆಡೆಯಿಂದ ಕಾರು ಹತ್ತಿದರೆ ನಾಲ್ಕು ಮಾತು ಆಡುವುದರೊಳಗೆ ದೇಶ ಬದಲಾಗಿಬಿಡುತ್ತದೆ. ಈ ನಾಲ್ಕು ಮಾತಿನ ದೂರಕ್ಕೆ ಅವರು ಮನೆ ಯಾಕೆ ಬದಲಿಸುತ್ತಿದ್ದರು ಅನ್ನುವುದಕ್ಕೆ ಒಂದು ಕಾನೂನಿನ ಕಥೆಯಿದೆ. ಅದನ್ನು ಹೇಳದಿದ್ದರೆ ಕಮಲವ್ವನ ಹಿಗ್ಗು ಅರ್ಥವಾಗುವುದಿಲ್ಲ.

ಡಚ್ ಪ್ರಜೆಯೊಬ್ಬ ತನ್ನ ದೇಶದಲ್ಲೇ ಕೂತು, ಅತ್ತೆಯನ್ನು ಭಾರತದಿಂದ ಕರೆಸಿ ಕಾಯಮ್ಮಾಗಿ ಇಟ್ಟುಕೊಳ್ಳುತ್ತೇನೆ ಅಂದರೆ ಆಗದ ಮಾತು. ಅದೇ ಮನುಷ್ಯ ಗಡಿ ದಾಟಿ ಪಕ್ಕದ ದೇಶದಲ್ಲಿ ಮನೆ ಮಾಡಿದನೋ, ಆಗ ಅವನು ಯುರೋಪಿನ ಪ್ರಜೆ. ಇಡೀ ಒಕ್ಕೂಟದ ಕಾನೂನು ಅವನ ಬೆನ್ನಿಗೆ ನಿಲ್ಲುತ್ತದೆ. ಹೆಂಡತಿಯ ತಾಯಿಯೂ ಅವನ ಮನೆಯಲ್ಲಿ ಇರಬಹುದು. ಷರತ್ತು ಒಂದೇ. ಆ ತಾಯಿ ಊರಲ್ಲಿದ್ದಾಗಲೇ ಮಗಳು ಅಳಿಯ ಕಳಿಸುವ ದುಡ್ಡನ್ನೇ ನಂಬಿಕೊಂಡು ಬದುಕುತ್ತಿರಬೇಕು. ಅಮೂಲ್ಯಾಳಿಗೆ ಇದೆಲ್ಲ ಬಾಯಿಪಾಠ. ಎನ್ಸ್‌ಕೆಡೆಯ ವಿಶ್ವವಿದ್ಯಾಲಯದಲ್ಲಿ ಅವಳ ಸಂಶೋಧನೆಯೇ ಯುರೋಪಿನ ಏಕೀಕರಣದ ಮೇಲೆ.

ಅದನ್ನು ಮೊದಲ ಸಲ ಫೋನಿನಲ್ಲಿ ಕೇಳಿದಾಗ ಕಮಲವ್ವ, "ಏಕೀಕರಣ ಅಂದ್ರ ನಮ್ಮದು ಆತಲ್ಲ, ಹಂಗೇನು? ನಮ್ಮಪ್ಪ ಆವತ್ತು ಓಣಿ ತುಂಬ ಪೇಢೆ ಹಂಚಿದ್ದನಂತ. ನಿಮ್ಮವ್ರು ಏನ್ ಹಂಚಿದ್ರು?" ಅಂದಿದ್ದಳು.

"ಕಾಗದಾ ಹಂಚಿದ್ರವಾ," ಎಂದು ಮಗಳು ನಕ್ಕಿದ್ದಳು.

ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಡಚ್ ಪ್ರಜೆ ಆಗಬೇಕಿತ್ತು. ಮೈಸೂರಿನ ಕಿಶನ್ ಈ ದೇಶಕ್ಕೆ ಹೆಂಡತಿಗಿಂತ ಮೊದಲೇ ಬಂದವನು. "ನಾನೇ ಆಗ್ತೀನಿ ಬಿಡು, ನಿಮ್ಮಮ್ಮನಿಗೋಸ್ಕರ ತಾನೇ," ಎಂದು ತಾನಾಗೇ ಒಪ್ಪಿಕೊಂಡ. ಅಷ್ಟರಲ್ಲಿ ಬ್ರಸೆಲ್ಸ್‌ನಿಂದ ಅಮೂಲ್ಯಾಳಿಗೆ ಕೆಲಸದ ಕರೆ ಬಂತು. ಅವಳ ವಿಷಯ ಓದಿದವರೆಲ್ಲ ಬಾಯಿ ಬಾಯಿ ಬಿಡುವ ಕೆಲಸ. "ಈಗ ಬೇಡ ಅಮೂ, ನನ್ ಪಾಸ್‌ಪೋರ್ಟ್ ಕೈಗೆ ಬರ್ಲಿ, ಅಲ್ಲೀವರ್ಗೂ ಒಟ್ಟಿಗೇ ಇರೋಣ," ಎಂದ. ಅವಳು ಒಲ್ಲೆ ಎಂದು ಬರೆದಳು. ಅದಕ್ಕಾಗಿ ಅತ್ತಳು ಕೂಡ, ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು.

ಕಮಲವ್ವನ ಪಾಲಿಗೆ ಬಂದದ್ದು ಇನ್ನೂ ವಿಚಿತ್ರ. ದುಡಿಯುವುದನ್ನು ಬಿಡಬೇಕಿತ್ತು! ಗಂಡ ಸತ್ತ ಮೇಲೆ ಬ್ಲೌಸು ಹೊಲಿದೇ ಮಗಳನ್ನು ಓದಿಸಿದ ಹೆಂಗಸು ಆಕೆ. "ನಾ ನನ್ನ ಅನ್ನ ದುಡಕೊಂಡು ಉಂಡ್ರ ಕಾನೂನಿಗೆ ಏನ್ ತ್ರಾಸವಾ?" ಎಂದು ಜಗಳವನ್ನೇ ತೆಗೆದಳು. ಕೊನೆಗೆ ಮಗಳ ಮಾತಿಗೆ ಸೋತು ಅಂಗಡಿ ಬಿಟ್ಟುಕೊಟ್ಟಳು. ಮಶೀನು, ಕತ್ತರಿ, ಗಿರಾಕಿಗಳನ್ನೆಲ್ಲ ತನ್ನ ಹತ್ತಿರವೇ ಕೆಲಸ ಕಲಿತ ಇಂದಿರಮ್ಮನಿಗೆ ಒಪ್ಪಿಸಿದಳು. ಟೇಪು ಮಾತ್ರ ಕೊಡಲು ಮನಸ್ಸಾಗಲಿಲ್ಲ. ಅದನ್ನು ಚೀಲದಲ್ಲಿಟ್ಟುಕೊಂಡು, ಸದ್ಯಕ್ಕೆ ನೋಡಹೋಗುವವರ ವೀಸಾದ ಮೇಲೆ ವಿಮಾನ ಹತ್ತಿದಳು. ಗ್ರೊನಾವ್‌ನಲ್ಲಿ ಮನೆ ಹಿಡಿದ ದಿನವೇ ಮೂವರ ಹೆಸರೂ ಅಲ್ಲಿನ ಪುರಸಭೆಯಲ್ಲಿ ಬರೆಸುವುದು, ಆಮೇಲೆ ಅವ್ವ ಅಲ್ಲೇ ಉಳಿಯಲು ಅರ್ಜಿ ಹಾಕುವುದು ಎಂದು ಮಗಳು ಹೇಳಿದ್ದಳು.

ಈಗ ಆ ಮನೆಯ ಅಡುಗೆಮನೆಯಲ್ಲಿ ಕಿಶನ್ ಮನೆಯ ಒಡತಿಯೊಂದಿಗೆ ಮಾತಾಡುತ್ತಿದ್ದ. ಒಡತಿಯೂ ಡಚ್ಚಳೇ, ಮನೆ ಅಗ್ಗ ಎಂದು ಗಡಿ ದಾಟಿ ಬಂದು ಇಲ್ಲೇ ಬೇರು ಬಿಟ್ಟವಳು. ಮಾತು ಡಚ್ಚಿನಲ್ಲಿ ನಡೆದಿತ್ತು. ಕಮಲವ್ವ ಕಿವಿಗೊಟ್ಟು ನಿಂತಿದ್ದಳು, ಯಾಕೆಂದರೆ ಡಚ್ಚು ಆಕೆಗೂ ಬರುತ್ತಿತ್ತು. ಎಷ್ಟು ಬರುತ್ತಿತ್ತು ಅಂದರೆ ಎನ್ಸ್‌ಕೆಡೆಯ ಶನಿವಾರದ ಸಂತೆಯಲ್ಲಿ ಕೊತ್ತಂಬರಿ ಕೊಳ್ಳುವಷ್ಟು. ತುರ್ಕಿ ವ್ಯಾಪಾರಿ ಕೊತ್ತಂಬರಿ ಕೈಗಿಟ್ಟು, ನೋಟು ತೆಗೆದುಕೊಂಡು, "ಟ್ವೇ ತೆರುಖ್" ಎನ್ನುತ್ತ ಎರಡು ಯೂರೋ ವಾಪಸ್ಸು ಅಂಗೈಗೆ ಹಾಕುತ್ತಿದ್ದ. ಟ್ವೇ ಅಂದರೆ ಎರಡು, ತೆರುಖ್ ಅಂದರೆ ಚಿಲ್ಲರೆ. ಪಕ್ಕದ ಮನೆಯ ಮುದುಕಿ ಆಕೆಯ ಭುಜ ತಟ್ಟಿ "ಮೂಡರ್" ಅನ್ನುತ್ತಿದ್ದಳು. ಅಂದರೆ ಅವ್ವ. ನೇ ಅಂದರೆ ಇಲ್ಲ.

ಒಡತಿ ಕಮಲವ್ವನ ಕಡೆ ಕಣ್ಣು ಹಾಯಿಸಿ ಏನೋ ಕೇಳಿದಳು. ಕಿಶನ್ ಹಿಂದಿನ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿ, ಸಣ್ಣ ದನಿಯಲ್ಲಿ, "ನೇ, ಟ್ವೇ. ಮೂಡರ್ ಖಾಟ್ ತೆರುಖ್," ಎಂದ. ಒಡತಿ ಸಮಾಧಾನದಿಂದ ತಲೆಯಾಡಿಸಿದಳು.

ಕಮಲವ್ವ ಒಳಗೊಳಗೇ ಹಿಗ್ಗಿದಳು. ಅಯ್ಯ ಇವನ! ಬಾಯಲ್ಲಿ ಮಾತೇ ಕಡಿಮೆ, ಅತ್ತೆ ಬಂದಾಗಿನಿಂದ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ್ದೇ ಅಪರೂಪ. ಅಂಥವನು ತನ್ನ ಕಾಟಿನ ಬಗ್ಗೆ ಮನೆಯವಳ ಜೊತೆ ಚೌಕಾಸಿಗೆ ನಿಂತಿದ್ದಾನೆ.

ವಾಪಸ್ಸು ಬರುವಾಗ ಗಡಿಯ ಹತ್ತಿರ ಕಾರುಗಳ ಸಾಲು ನಿಂತಿತ್ತು. ಎನ್ಸ್‌ಕೆಡೆಗೆ ಹೋಗುವ ದಾರಿಯಲ್ಲಿ ಡಚ್ ಗಡಿ ಪೊಲೀಸರು ಕೆಲವು ಕಾರುಗಳನ್ನು ಬದಿಗೆ ಹಾಕಿ ತಪಾಸಣೆ ಮಾಡುತ್ತಿದ್ದರು.

"ಗಡೀನs ಇಲ್ಲ ಅಂದಿದ್ದೆಲ್ಲಬೇ?" ಹಿಂದಿನ ಸೀಟಿನಿಂದ ಕಮಲವ್ವ ಕಾಲೆಳೆದಳು.

"ಇರಲಿಲ್ಲವಾ. ಈಗೀಗ ಮತ್ತ ಬಂದು ನಿಂತಾರ," ಎಂದು ಅಮೂಲ್ಯಾ ಮುಂದಿನ ಸೀಟಿನಲ್ಲಿ ಕೂತು ಟೇಪನ್ನು ತೊಡೆಯ ಮೇಲೆ ಬಿಡಿಸಿಕೊಂಡು ಗೀಟಿನ ಅಳತೆ ನೋಡುತ್ತಿದ್ದಳು.

"ಏನರs ಅನ್ನು, ಅಳಿಯಂದ್ರು ಭಾಳ ಛಲೋ ಮನಶ್ಯಾ," ಕಮಲವ್ವ ಮುಂದಕ್ಕೆ ಬಾಗಿದಳು. "ನನ್ನ ಕಾಟಿನ ಸಲುವಾಗಿ ಆಕಿ ಜೋಡಿ ಚಿಲ್ಲರದ ತನಕಾ ಮಾತಾಡಿದ್ರು. ನನಗ ತಿಳಿಯಂಗಿಲ್ಲ ಅಂತ ಮಾಡೀರೇನು? ನಾನೂ ಕೇಳಿದ್ನಿ. ಟ್ವೇ, ಮೂಡರ್ ಖಾಟ್ ತೆರುಖ್ ಅಂದ್ರು. ಎರಡು, ಅವ್ವನ ಕಾಟು, ಚಿಲ್ಲರ. ಹೌದಿಲ್ಲೋ ಅಳಿಯಂದ್ರ?"

ಕಿಶನ್ ಕೈ ಚಾಚಿ ಕನ್ನಡಿ ಸರಿಮಾಡಿದ.

ಅಮೂಲ್ಯಾ ಟೇಪಿನಿಂದ ತಲೆಯೆತ್ತಿದಳು. ಖಾಟ್ ಅಂದರೆ ಹೋಗುತ್ತಾಳೆ. ತೆರುಖ್ ಅಂದರೆ ಚಿಲ್ಲರೆಯಲ್ಲ; ಚಿಲ್ಲರೆ ಕೊಡುವಾಗಲೂ ಅನ್ನುವ ಮಾತು ಅಷ್ಟೇ. ಅದರ ಅರ್ಥ ಹಿಂದಕ್ಕೆ, ವಾಪಸ್ಸು. ಅವ್ವನ ಬಾಯಲ್ಲಿ ಅಷ್ಟು ಹಿಗ್ಗಿನಿಂದ ಬಂದ ಆ ಮಾತನ್ನು ಮಗಳು ಇದ್ದದ್ದು ಇದ್ದ ಹಾಗೆ ಕೇಳಿಸಿಕೊಂಡಳು. ಅವ್ವ ವಾಪಸ್ಸು ಹೋಗುತ್ತಾಳೆ.

ಅವ್ವನಿಗೆ ತಿಳಿಯಬಾರದೆಂದು ಅವಳು ಡಚ್ಚಿಗೆ ಹೊರಳಿದಳು. "ಎಷ್ಟು ಜನ ಅಂತ ಕೇಳಿದಳಾ ಆಕೆ?"

"ಹೌದು," ಎಂದ ಕಿಶನ್, ಅವನೂ ಡಚ್ಚಿನಲ್ಲೇ. "ಮೂವರು ಅಂದರೆ ಮನೆ ಕೊಡುವುದಿಲ್ಲವೇನೋ ಅಂತ ಹಾಗೆ ಹೇಳಿದೆ. ಮೊದಲು ಮನೆ ಸಿಗಲಿ."

"ಮೊದಲ ದಿನವೇ ಅವ್ವನ ಹೆಸರು ಬರೆಸಬೇಕು. ಒಡತಿಯ ಸಹಿ ಇಲ್ಲದೆ ಬರೆಸಲು ಆಗುವುದಿಲ್ಲ. ನಿನಗೆ ಗೊತ್ತು, ಎಷ್ಟು ಸಲ ಹೇಳಿದ್ದೇನೆ." ಅವಳ ದನಿ ಸಣ್ಣದಾಯಿತು. "ನನ್ನ ಕಡೆ ನೋಡಿ ಹೇಳು. ತೆರುಖ್ ಅಂತ ಸುಮ್ಮನೆ ಅಂದೆಯಾ, ನಿಜವಾಗಿ ಅಂದೆಯಾ?"

ಮುಂದಿನ ಕಾರು ಒಂದು ಮಾರು ಸರಿಯಿತು. ಕಿಶನ್ ಕ್ಲಚ್ಚು ಬಿಟ್ಟು, ಮತ್ತೆ ಒತ್ತಿ, ಗಾಜಿನಾಚೆ ನೋಡುತ್ತಲೇ ಮಾತಾಡಿದ. "ನನ್ನಿಂದ ಆಗುವುದಿಲ್ಲ. ಬರಲಿ, ಕೆಲವು ತಿಂಗಳು ಇರಲಿ, ತೆರುಖ್ ಹೋಗಲಿ. ಪ್ರತಿ ವರ್ಷ ಬೇಕಾದರೆ ಬರಲಿ. ಬದುಕಿರುವವರೆಗೂ ಒಂದೇ ಮನೆಯಲ್ಲಿ ಅಂದರೆ ಆಗುವುದಿಲ್ಲ."

"ತೆರುಖ್ ಎಲ್ಲಿಗೆ? ಅಂಗಡಿ ಇಲ್ಲ, ಮನೆ ಇಲ್ಲ. ಮಶೀನು ಬಿಡಿಸಿದ್ದು ನಾವು! ಎಲ್ಲಿಗೆ ತೆರುಖ್?"

"ಬಾಡಿಗೆ ಮನೆ ಮಾಡಿಕೊಡೋಣ."

"ಯಾವಾಗ ತೀರ್ಮಾನ ಮಾಡಿದೆ ಇದನ್ನ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವನೇ. "ಮೊದಲಿನಿಂದಲೂ ನನಗೆ ಗೊತ್ತಿತ್ತು, ಆಗುವುದಿಲ್ಲ ಅಂತ. ಹೇಳಲು ಧೈರ್ಯ ಬರಲಿಲ್ಲ. ಪಾಸ್‌ಪೋರ್ಟು ನನಗೂ ಬೇಕಿತ್ತು."

ಅಮೂಲ್ಯಾಳಿಗೆ ಡಚ್ಚು ಮರೆತೇ ಹೋಯಿತು. "ನಂಬಿಸಿ ಕುತ್ತಿಗಿ ಕೊಯ್ದಿಯಲ್ಲೋ!" ಎಂದುಬಿಟ್ಟಳು. ಅವಳು ಸಿಟ್ಟಿನಲ್ಲಿ ಮಾತಾಡುವುದು ಹುಬ್ಬಳ್ಳಿಯ ಮಾತನ್ನೇ.

ಹಿಂದೆ ಕಮಲವ್ವ ಆಗಲೇ ಸೀಟಿಗೆ ಒರಗಿ ಕೂತಿದ್ದಳು. ಆಕೆಗೆ ಅವರ ಡಚ್ಚು ತಿಳಿಯಲಿಲ್ಲ, ನಿಜ. ಆದರೆ ತೆರುಖ್, ತೆರುಖ್ ಎಂದು ಅದೊಂದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಚಿಲ್ಲರೆ ಬಗ್ಗೆ ಯಾರೂ ಹೀಗೆ ಮುಖ ಕೆಂಪಗೆ ಮಾಡಿಕೊಂಡು ಮಾತಾಡುವುದಿಲ್ಲ. ಸಂತೆಯ ವ್ಯಾಪಾರಿ ಅಂಗೈಗೆ ನಾಣ್ಯ ಹಾಕುವುದು ಕಣ್ಣ ಮುಂದೆ ಬಂತು. ನಿಮ್ಮದು ನಿಮಗೇ, ತಗೊಂಡು ಹೋಗಿ. ಅಷ್ಟೇ ಅಲ್ಲವೇ ಅವನು ಅನ್ನುತ್ತಿದ್ದದ್ದು? ಅಡುಗೆಮನೆಯಲ್ಲಿ ಅಳಿಯ ಹಿಂದಿನ ಕೋಣೆಯ ಕಡೆ ತಿರುಗಿ ನೋಡಿ ದನಿ ತಗ್ಗಿಸಿದ್ದು ಈಗ ಅರ್ಥವಾಯಿತು. ಒಡತಿಯ ಸಮಾಧಾನವೂ ಅರ್ಥವಾಯಿತು. ಅದನ್ನು ಕೇಳಿ ತಾನು ಹಿಗ್ಗಿದೆನಲ್ಲ, ಭಾಳ ಛಲೋ ಮನುಷ್ಯ ಅಂತ ಅವನೆದುರಿಗೇ ಹೊಗಳಿದೆನಲ್ಲ! ದುಡಿಯುವ ಕೈ ಕಟ್ಟಿಸಿ ಕರೆತಂದವರು ಇವರೇ. ಈಗ ಇಂದಿರಮ್ಮನ ಅಂಗಡಿಗೆ ಹೋಗಿ, ಒಂದು ಮೂಲೆ ಕೊಡು ತಾಯಿ ಎಂದು ಯಾವ ಬಾಯಿಂದ ಕೇಳುವುದು?

"ಅತ್ತೆ, ಅದು ಹಾಗಲ್ಲ, ಮನೇಗೆ ಹೋಗಿ ನಿಧಾನಕ್ಕೆ ಮಾತಾಡೋಣ," ಎಂದ ಕಿಶನ್ ಕನ್ನಡಿಯಲ್ಲಿ ನೋಡುತ್ತ.

ಕಮಲವ್ವ ಚೀಲದಿಂದ ತನ್ನ ಪಾಸ್‌ಪೋರ್ಟ್ ತೆಗೆದು ಕೈಯಲ್ಲಿ ಹಿಡಿದಳು.

ಅಷ್ಟರಲ್ಲಿ ಅವರ ಕಾರಿಗೂ ಕೈ ಅಡ್ಡ ಬಂತು. ಕೂದಲು ಬಿಗಿದು ಕಟ್ಟಿದ್ದ ಪೊಲೀಸ್ ಹುಡುಗಿಯೊಬ್ಬಳು ಕಿಟಕಿಯ ಬಳಿ ಬಗ್ಗಿದಳು. ಕಿಶನ್ ತನ್ನ ಡಚ್ ಗುರುತಿನ ಚೀಟಿ ಕೊಟ್ಟ. ಅದನ್ನು ಸರಿಯಾಗಿ ನೋಡಲೂ ಇಲ್ಲ, ವಾಪಸ್ಸು ಕೊಟ್ಟಳು. ಅಮೂಲ್ಯಾಳ ವಾಸದ ಪರವಾನಗಿ ಕಾರ್ಡನ್ನು ಎರಡೂ ಬದಿ ತಿರುಗಿಸಿದಳು. ಕಮಲವ್ವನ ಪಾಸ್‌ಪೋರ್ಟ್ ಕೈಗೆ ಬಂದಾಗ ವೀಸಾದ ಹಾಳೆ ಹುಡುಕಿ ನಿಂತು ಓದಿದಳು. ಆಮೇಲೆ ಹಿಂದಿನ ಕಿಟಕಿಗೆ ಬಂದು, ನಗುತ್ತಲೇ ಏನೋ ಕೇಳಿದಳು. ಕಿಶನ್ ಕತ್ತು ತಿರುಗಿಸಿ ಉತ್ತರ ಹೇಳಲು ಬಾಯಿ ತೆರೆದ.

ಕಮಲವ್ವ ಅವನಿಗಿಂತ ಮೊದಲೇ ಗಾಜು ಪೂರ್ತಿ ಇಳಿಸಿ, ಸೆರಗು ಸರಿಮಾಡಿಕೊಂಡಳು.

"ಮೂಡರ್," ಎಂದು ತನ್ನ ಎದೆ ಮುಟ್ಟಿ ತೋರಿಸಿದಳು. "ಮೂಡರ್ ಖಾಟ್ ತೆರುಖ್."

ಹುಡುಗಿಯ ಹುಬ್ಬು ಮೇಲಕ್ಕೆ ಹೋಯಿತು. ಆಮೇಲೆ ಮುಖ ತುಂಬ ನಕ್ಕು, ಎಷ್ಟು ಚೆನ್ನಾಗಿ ಡಚ್ ಮಾತಾಡುತ್ತೀರಿ, ಎಲ್ಲಿ ಕಲಿತಿರಿ ಎಂದು ಹೊಗಳಿ, ಪಾಸ್‌ಪೋರ್ಟನ್ನು ಆಕೆಯ ಕೈಯಲ್ಲೇ ಇಟ್ಟು, ಹೋಗಿ ಎಂದು ಸನ್ನೆ ಮಾಡಿದಳು. ಕಾರಿನಲ್ಲಿದ್ದ ಯಾರೂ ಆ ಹೊಗಳಿಕೆಯನ್ನು ಕಮಲವ್ವನಿಗೆ ಕನ್ನಡದಲ್ಲಿ ಹೇಳಲಿಲ್ಲ.

ಎನ್ಸ್‌ಕೆಡೆಯ ಮೊದಲ ಮನೆಗಳು ಕಾಣಿಸುತ್ತಿದ್ದಂತೆ ಅಮೂಲ್ಯಾ, "ನಿಲ್ಲಸು," ಎಂದಳು.

"ಇಲ್ಲಿ ನಿಲ್ಸೋಕಾಗಲ್ಲ ಅಮೂ, ಬಸ್ ಸ್ಟಾಪ್ ಇದು."

"ನಿಲ್ಲಸಂದ್ರ ನಿಲ್ಲಸು."

ಕಾರು ನಿಂತಿತು. ಅವಳು ಇಳಿದು, ಮುಂದಿನ ಬಾಗಿಲು ಹಾಕಿ, ಹಿಂದಿನ ಬಾಗಿಲು ತೆಗೆದು ಅವ್ವನ ಪಕ್ಕ ಕೂತಳು. ಕಿಶನ್ ಮುಂದೆ ಒಬ್ಬನೇ ಉಳಿದ. ಬಾಡಿಗೆ ಕಾರಿನವನ ಹಾಗೆ ಗಾಡಿ ಹೊರಡಿಸಿದ.

"ಅವ್ವಾ," ಎಂದಳು ಅಮೂಲ್ಯಾ.

"ಟೇಪ್ ಕೊಡು ಇಲ್ಲೆ. ಎಲ್ಲೆರ ಬಿಟ್ಟಗಿಟ್ಟಿ."

ಮಗಳ ಕೈಯಿಂದ ಟೇಪು ತೆಗೆದುಕೊಂಡು ಕಮಲವ್ವ ಅದನ್ನು ಎಡಗೈಯ ಎರಡು ಬೆರಳಿಗೆ ಬಿಗಿಯಾಗಿ ಸುತ್ತತೊಡಗಿದಳು, ಸಂಜೆ ಅಂಗಡಿ ಮುಚ್ಚುವ ಮುಂಚೆ ಸುತ್ತುತ್ತಿದ್ದ ಹಾಗೆ. ಪೆನ್ನಿನ ಗೀಟು ಬಂದಾಗ ಕೈ ನಿಂತಿತು. ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಗೀಟನ್ನು ಉಜ್ಜಿ ನೋಡಿದಳು. ಹೋಗಲಿಲ್ಲ. ಅದರ ಮೇಲೆ ಇನ್ನೊಂದು ಸುತ್ತು ಸುತ್ತಿದಳು.