ಐದು ಮನೆಯ ಉತ್ತರ

ಅಮೂಲ್ಯಳಿಗೆ ಕೆಲಸ ಸಿಕ್ಕಿದ್ದು ಅವಳ ಎಲೆಕ್ಟ್ರಿಕಲ್ ಡಿಪ್ಲೊಮಾ ನೋಡಿ ಅಲ್ಲ, ಅವಳ ಕನ್ನಡ ನೋಡಿ. ಆ ಕನ್ನಡವಾದರೂ ಎಂಥದ್ದು? ಅರ್ಧ ಹಿಂದಿ ಬೆರೆತದ್ದು. ದೇಶದ ರಾಜಧಾನಿಯ ಲಕ್ಷ್ಮೀ ನಗರದ ಬಾಡಿಗೆ ಮನೆಯಲ್ಲಿ ಬೆಳೆದ ಹುಡುಗಿ ಕನ್ನಡ ಓದಲು ಕಲಿತದ್ದೇ ಅಪ್ಪ ಚಂದ್ರಮೋಹನರು ಅಂಚೆಯಲ್ಲಿ ತರಿಸುತ್ತಿದ್ದ ವಾರಪತ್ರಿಕೆಯ ಪದಬಂಧ ಬಿಡಿಸುತ್ತಾ. ಅದರ ಹೊರವಲಯದ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯವರು ಕರ್ನಾಟಕದಿಂದ ಎಂಟು ಜನ ಎಲೆಕ್ಟ್ರಿಷಿಯನ್‌ಗಳನ್ನು ಕರೆಸಿಕೊಂಡಿದ್ದರು. ಅವರಿಗೆ ಪಾಠ ಹೇಳಲು ಕನ್ನಡ ಬಲ್ಲವರು ಬೇಕಾಗಿತ್ತು, ಇವಳು ಸಿಕ್ಕಳು. ಅದು 2006ರ ಮಾತು.

ಎಂಟೂ ಜನ ಐಟಿಐ ಮುಗಿಸಿದವರು, ಕೆಲಸ ಬಲ್ಲವರು. ತೊಡಕಿದ್ದದ್ದು ಸೇಫ್ಟಿ ಸಾಹೇಬರ ಮೌಖಿಕ ಪರೀಕ್ಷೆಯಲ್ಲಿ. ಸಾಹೇಬರು ಕಾರ್ಖಾನೆಗೆ ಕರೆಂಟು ಹಂಚುವ ಪ್ಯಾನೆಲ್ ರೂಮಿನಲ್ಲಿ ಎದುರಿಗೆ ನಿಲ್ಲಿಸಿಕೊಂಡು ಇನ್ಸುಲೇಷನ್ ಎಂದರೇನು, ಓವರ್‌ಲೋಡ್ ಎಂದರೇನು ಎಂದು ಹಿಂದಿಯಲ್ಲಿ ಪಟಪಟನೆ ಕೇಳುತ್ತಿದ್ದರು. ಪಾಸಾದವರಿಗೆ ಪ್ಯಾನೆಲ್ ಮುಟ್ಟುವ ಪರವಾನಗಿ. ಮೂರು ಸಲ ಫೇಲಾದವರಿಗೆ ಊರಿನ ರೈಲು.

ಹನುಮಂತ ಎರಡು ಸಲ ಫೇಲಾಗಿದ್ದ. ಗಂಗಾವತಿ ಕಡೆಯವನು, ಮೂವತ್ತೆರಡು ವರ್ಷ, ಎಂಟು ಜನರಲ್ಲಿ ಎಲ್ಲರಿಗಿಂತ ದೊಡ್ಡವನು. ಪರವಾನಗಿ ಸಿಕ್ಕರೆ ಕಂಪನಿಯ ಒಂದು ಕೋಣೆ ಸಿಗುತ್ತಿತ್ತು, ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಕರೆತರಬಹುದಿತ್ತು. ಮೋಟರಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವ ಮನುಷ್ಯ ಸಾಹೇಬರ ಮುಂದೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ನಿಂತುಬಿಡುತ್ತಿದ್ದ.

ಅಮೂಲ್ಯ ತನಗೆ ಗೊತ್ತಿದ್ದ ಮದ್ದನ್ನೇ ಅರೆದಳು. ದಿನಕ್ಕೊಂದು ಪದಬಂಧ. ಎಡಗಡೆ ಪುಸ್ತಕದಿಂದ ಎತ್ತಿದ ಸುಳಿವು, ಬಲಗಡೆ ಖಾಲಿ ಮನೆಗಳು. ಎಲ್ಲರಿಗಿಂತ ಕಿರಿಯ ಸುಹಾಸ್ ಚಹಾ ಆರುವುದರೊಳಗೆ ತುಂಬಿ ಮುಗಿಸುತ್ತಿದ್ದ. ಹನುಮಂತನ ಹಾಳೆ ಹೋದ ಹಾಗೇ ವಾಪಸು ಬರುತ್ತಿತ್ತು.

ಒಂದು ಮಂಗಳವಾರ ಅದರಲ್ಲಿ ಒಂದು ಉತ್ತರವಿತ್ತು. ಸುಳಿವು: ‘ಪ್ಯಾನೆಲ್ ತೆರೆಯುವ ಮುನ್ನ ಮಾಡಲೇಬೇಕಾದ ಕೆಲಸ, ಐದು ಮನೆ’. ಬರಬೇಕಾದದ್ದು ಐಸೊಲೇಷನ್, ಅಂದರೆ ಬರುವ ಕರೆಂಟನ್ನು ಪೂರ್ತಿ ಕಡಿದು ಹಾಕುವುದು. ಹನುಮಂತ ದುಂಡಗೆ ಬರೆದಿದ್ದ: ಜೇಬಿಗೆ ಹಾಕು.

ಅಮೂಲ್ಯ ಅದನ್ನು ಗಟ್ಟಿಯಾಗಿ ಓದಿದಳು. ಓದಬಾರದಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳೂ ನಕ್ಕಳು. “ಏನನ್ನ ಜೇಬಿಗೆ ಹಾಕೋದು, ಹನುಮಂತ ಅವ್ರೆ? ಕರೆಂಟನ್ನಾ?”

ಹನುಮಂತ ನಗಲಿಲ್ಲ. “ಫ್ಯೂಸ್ ರೀ ಮೇಡಂ,” ಎಂದ. “ನಮ್ಮ ಕಡೆ ಲೈನ್ ಮ್ಯಾಲೆ ಕೆಲಸ ಮಾಡೋ ಮುಂದ ಫ್ಯೂಸ್ ಕಿತ್ತು ಅಂಗಿ ಜೇಬಿನ್ಯಾಗ ಹಾಕ್ಕೋತೀವ್ರಿ. ಅಲ್ಲೇ ಬಿಟ್ರ ಯಾರರೆ ಬಂದು ಹಾಕಿಬಿಡ್ತಾರ. ನಮ್ಮ ಜೋಡಿ ಕೆಲಸ ಮಾಡ್ತಿದ್ದ ಅನಂತರಾಮ ಬಿಟ್ಟಿದ್ದರಿ, ಬಾವಿ ಮೋಟರ್ ಹತ್ರ. ಮನಿಯವರು ನೀರಿಲ್ಲಾಂತ ಹಾಕಿದ್ರು. ಅವನ ಬಲಗೈ ಈಗ ಇಲ್ರಿ.”

ಅಮೂಲ್ಯಳಿಗೆ ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಯಿತು. ಐಸೊಲೇಷನ್ ಎಂಬ ಪದವನ್ನು ಅವಳು ಡಿಪ್ಲೊಮಾ ಓದುವಾಗಿನಿಂದ, ನಾಲ್ಕು ವರ್ಷ, ಬಾಯಿಪಾಠ ಹೇಳುತ್ತಿದ್ದಳು, ಒಂದು ದಿನವೂ ಒಂದು ಫ್ಯೂಸ್ ಕಿತ್ತವಳಲ್ಲ. ಅವನ ಉತ್ತರ ತಪ್ಪೆಂದು ಯಾವ ಬಾಯಲ್ಲಿ ಹೇಳುವುದು?

“ಸಾರಿ, ಹನುಮಂತ ಅವ್ರೆ,” ಎಂದಳು. “ನಾಳೆಯಿಂದ ಸುಳಿವು ನೀವೇ ಹೇಳಿ. ಉತ್ತರ ಮಾತ್ರ ನಾನು ಹುಡುಕ್ತೀನಿ. ಚಲೋ?”

ಅಲ್ಲಿಂದ ಪಾಠದ ದಿಕ್ಕೇ ಬದಲಾಯಿತು. ಹನುಮಂತ ಮುಂದಿನ ಬೆಂಚಿಗೆ ಬಂದು ತನ್ನ ಕೈ ಕಂಡದ್ದನ್ನೆಲ್ಲ ಹೇಳತೊಡಗಿದ. ‘ಗುಂಡಿ ತೋಡಿ ಉಪ್ಪು, ಇದ್ದಿಲು ಹಾಕಿ ತಂತಿ ಇಳಿಸೋದು’ ಎಂದರೆ ಅವಳು ಬೋರ್ಡಿನ ಮೇಲೆ ಅರ್ಥಿಂಗ್ ಎಂದು ಬರೆಯುವಳು. ‘ಒಂದೇ ಪ್ಲಗ್ಗಿಗೆ ಇಸ್ತ್ರಿ, ಹೀಟರು ಎರಡೂ ಸಿಗಿಸಿದ್ರ ವೈರ್ ಬೆಚ್ಚಗಾಗೋದು’ ಎಂದರೆ ಓವರ್‌ಲೋಡ್. ‘ಇಲಿ ಕಡದ್ರ ಹೋಗೋದು’ ಎಂದಾಗ ಸುಹಾಸ್ ಕೂಡ ತಲೆ ಕೆರೆದುಕೊಂಡ. ಅದು ಇನ್ಸುಲೇಷನ್, ತಂತಿಯ ಮೇಲಿನ ಹೊದಿಕೆ. ಉಳಿದವರಿಗೂ ಚಪಲ ಹತ್ತಿತು. ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಭಯ್ಯಾ ಬೈಯುವವರೆಗೂ ಒಬ್ಬರಿಗೊಬ್ಬರು ಸುಳಿವು ಎಸೆಯುತ್ತಾ ಕೂರುತ್ತಿದ್ದರು.

ಮೂರನೆಯ ಪರೀಕ್ಷೆ ಬಂತು. ಅಮೂಲ್ಯ ಬಾಗಿಲ ಬಳಿ ನಿಲ್ಲಬಹುದು, ಮಾತಾಡುವಂತಿಲ್ಲ. ಸಾಹೇಬರು ಕನ್ನಡಕ ಏರಿಸಿ, “ಹ್ಞಾಂ, ಹನುಮಂತ್. ಅರ್ಥಿಂಗ್ ಕ್ಯಾ ಹೋತಾ ಹೈ?” ಎಂದು ಅರ್ಥಿಂಗ್‌ನ ಅರ್ಥ ಕೇಳಿದರು.

ಹನುಮಂತನ ಬಾಯಿಗೆ ಮತ್ತೆ ಬೀಗ ಬಿತ್ತು. ಸಾಹೇಬರು ಎರಡನೆಯ ಪ್ರಶ್ನೆ ಕೇಳಿದರು, ಬೀಗ ತೆರೆಯಲಿಲ್ಲ. ಅವನು ಹೋದರೆ ಅದು ತನ್ನ ಸೋಲು ಎಂದು ಅಮೂಲ್ಯಳಿಗೆ ನೋವಾಗಲಿಲ್ಲ. ಆ ನಾಲ್ಕು ವರ್ಷದ ಮಗು ನೆನಪಾಗಿ ನೋವಾಯಿತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

“ಸಾಬ್,” ಎಂದ ಹನುಮಂತ, ತನ್ನ ಹರಕುಮುರುಕು ಹಿಂದಿಯಲ್ಲಿ. “ನೀವು ಕೇಳಿದ್ರೆ ನನಗೆ ಬರೋದಿಲ್ಲ. ನಾನು ಕೇಳ್ತೀನಿ, ನೀವು ಹೇಳಿ. ನೀವು ಹೇಳಿದ್ದು ತಪ್ಪಾದ್ರೆ ಸರಿ ಯಾವುದು ಅಂತ ನಾನು ಹೇಳಬೇಕು. ಹೇಳದಿದ್ರೆ ಫೇಲ್ ಮಾಡಿ.”

ಸಾಹೇಬರು ಇಪ್ಪತ್ತು ವರ್ಷದಿಂದ ಪ್ರಶ್ನೆ ಕೇಳಿಕೊಂಡು ಬಂದವರು, ಅವರನ್ನು ಕೇಳಿದವರು ಯಾರೂ ಇಲ್ಲ. ಬೈಯುತ್ತಾರೆಂದು ಅಮೂಲ್ಯ ಕಣ್ಣು ಮುಚ್ಚಿಕೊಂಡಳು. ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. “ಅಚ್ಛಾ, ಪೂಛೋ.”

ಹನುಮಂತ ಉಪ್ಪು, ಇದ್ದಿಲಿನ ಗುಂಡಿಯ ಸುಳಿವು ಕೇಳಿದ. ಸಾಹೇಬರು ಅರ್ಥಿಂಗ್ ಎಂದರು. ಬೆಚ್ಚಗಾಗುವ ವೈರಿಗೆ ಓವರ್‌ಲೋಡ್ ಎಂದರು. ಅವರಿಗೂ ಹುರುಪು ಬಂದಂತಿತ್ತು. ಆಗ ಹನುಮಂತ, “ಎಲ್ಲಾ ಸ್ವಿಚ್ ಆಫ್. ಮೇನ್ ಕೂಡ ಆಫ್. ಆದ್ರೂ ಮುಟ್ಟಿದ್ರೆ ಹೊಡೀತದೆ. ಎದುರಿಗೇ ಇದೆ, ಏನದು?” ಎಂದ.

ಸಾಹೇಬರು ಪ್ಯಾನೆಲ್ ನೋಡಿದರು, ಮೇಲೆ ಕೆಳಗೆ ನೋಡಿದರು. “ಲೀಕೇಜ್?” ಎಂದರು. ಹನುಮಂತ ಅಲ್ಲವೆಂದು ತಲೆಯಾಡಿಸಿದ. ಮೂಲೆಯಲ್ಲಿ ಸಾಲಾಗಿ ಕೂರಿಸಿದ್ದ ಬೂದು ಡಬ್ಬಿಗಳ ಕಡೆ ಕೈ ತೋರಿಸಿ, “ಕೆಪಾಸಿಟರ್, ಸಾಬ್,” ಎಂದ. “ಕರೆಂಟ್ ನಿಂತ್ರೂ ಹೊಟ್ಟೇಲಿ ಸ್ವಲ್ಪ ಇಟ್ಕೊಂಡಿರ್ತದೆ. ಡಿಸ್ಚಾರ್ಜ್ ಮಾಡಿ ಖಾಲಿ ಮಾಡದೆ ಮುಟ್ಟಬಾರದು.”

ಬೀಗ ಬಿಚ್ಚಿತ್ತು. ಆಮೇಲೆ ಸಾಹೇಬರು ಕೇಳಿದ ಆರು ಪ್ರಶ್ನೆಗೂ ಅವನು ನಿಂತ ನಿಲುವಿನಲ್ಲೇ ಉತ್ತರ ಹೇಳಿದ. ಸಾಹೇಬರು ನಗದೆ, ಹೊಗಳದೆ ಪರವಾನಗಿಗೆ ಸಹಿ ಹಾಕಿದರು.

ಹೊರಗೆ ಬಂದಾಗ ಅಮೂಲ್ಯಳ ಕಣ್ಣು ಒದ್ದೆಯಾಗಿತ್ತು. “ಅಷ್ಟು ಧೈರ್ಯ ಎಲ್ಲಿಂದ ಬಂತು ನಿಮಗೆ?”

“ಕೇಳೋರಿಗೆ ಹೆದರಿಕಿ ಇರಂಗಿಲ್ರಿ ಮೇಡಂ,” ಎಂದ ಹನುಮಂತ. “ದಿನಾ ನಿಮ್ಮನ್ನ ನೋಡ್ತಿದ್ನಲ್ಲ, ಅದಕ್ಕ ಗೊತ್ತಾತು.”

ಅವನು ಹೆಂಡತಿಗೆ ಫೋನ್ ಮಾಡಲು ಎಸ್‌ಟಿಡಿ ಬೂತಿನ ಕಡೆ ಓಡಿದ. ಮಾರನೆಯ ದಿನ ಕ್ಲಾಸಿಗೆ ಹೋದ ಅಮೂಲ್ಯ ಚಾಕ್‌ಪೀಸನ್ನು ಹನುಮಂತನ ಕೈಗೆ ಕೊಟ್ಟು, ಸುಹಾಸನ ಪಕ್ಕದ ಬೆಂಚಿನಲ್ಲಿ ಜಾಗ ಮಾಡಿಕೊಂಡು ಕೂತಳು. ಅವನು ಬೋರ್ಡಿನ ಮೇಲೆ ಬರೆದ ಮೊದಲ ಸುಳಿವೇ ಅವಳಿಗೆ ಹೊಳೆಯಲಿಲ್ಲ. ಕೈ ಎತ್ತಿ, ಇನ್ನೊಂದು ಸಲ ಹೇಳಿ ಎಂದು ಕೇಳಿದಳು.