ಹಳೇ ಐಸ್ ಕಾರ್ಖಾನೆಯ ದಕ್ಷಿಣಕ್ಕೆ

ಮಿಸ್ ವರ್ಲೀಟಾ ಅವರ ಗಾಡಿಯ ಪರವಾನಗಿಯನ್ನು ನಗರಸಭೆ ಒಂದೇ ಸಾಲಿನಲ್ಲಿ ರದ್ದು ಮಾಡಿತು: ‘ಸಾರ್ವಜನಿಕ ಹಿತದೃಷ್ಟಿಯಿಂದ.’ ಹೆರೆದ ಐಸ್ ಮೇಲೆ ಕೆಂಪು ಶರಬತ್ತು ಸುರಿದು, ಹಾಲಿನ ಪುಡಿ ಉದುರಿಸಿ ಮಾರುವ ಆ ಗಾಡಿ ಬಿಟ್ಟರೆ ಅವರಿಗೆ ಬೇರೆ ಗತಿಯಿಲ್ಲ. ಇನ್ನೊಬ್ಬರಾಗಿದ್ದರೆ ಗೋಳಾಡುತ್ತಿದ್ದರು. ಇವರು ತಲೆಗೆ ಹುಳ ಬಿಟ್ಟುಕೊಂಡರು. ಆದೇಶ ಹಿಡಿದು ಸೀದಾ ನನ್ನ ಒಲೆಯ ಹತ್ತಿರ ಬಂದರು.

“ಎಲಾದಿಯೋ, ಈ ಸಾರ್ವಜನಿಕರು ಅಂದ್ರೆ ಯಾರಪ್ಪಾ? ನಾನೂ ಅದ್ರಲ್ಲಿ ಬರ್ತೀನೋ ಇಲ್ವೋ?”

“ನೀವು ಬರಲ್ಲ ಮಿಸ್. ಅದು ಬರೀ ಮೇಯರು, ಅವರ ಭಾವಮೈದ,” ಎಂದೆ, ಇದ್ದಿಲಿಗೆ ಗಾಳಿ ಬೀಸುತ್ತಾ. ಮಾಂಸವನ್ನು ಕಡ್ಡಿಗೆ ಚುಚ್ಚಿ ಸುಟ್ಟು ಮಾರುವ ನನಗೆ ನಗರಸಭೆಯೆಂದರೆ ಮೈಯೆಲ್ಲ ಉರಿ.

“ತಮಾಷೆ ಸಾಕು. ಗಾಡಿ ಹೋದ್ರೆ ಹೋಗ್ಲಿ, ಯಾಕೆ ಅಂತ ಗೊತ್ತಾಗ್ದೆ ನಾನಂತೂ ಸಾಯಲ್ಲ.”

ರಾಜಧಾನಿ ಸ್ಯಾನ್ ಹೋಸೆಯಲ್ಲಿರುವ ಸಂವಿಧಾನ ಪೀಠಕ್ಕೆ ಯಾರು ಬೇಕಾದರೂ ಬರೆಯಬಹುದು. ವಕೀಲರೂ ಬೇಡ, ಶುಲ್ಕವೂ ಬೇಡ. ಬ್ರೆಡ್ಡಿನ ಕಾಗದದ ಚೀಲ ಹರಿದು, ಅವರು ಹೇಳಿದ್ದನ್ನು ಅದರ ಮೇಲೆ ನಾನೇ ಬರೆದೆ. ನಗರಸಭೆಗೆ ಬಿಸಿ ಮುಟ್ಟಿಸುವ ಅವಕಾಶವನ್ನು ಯಾರು ಬಿಡುತ್ತಾರೆ? ಪೀಠದ ತೀರ್ಪು ಬಂತು: ಗಾಡಿ ಇರಬೇಕೋ ಬೇಡವೋ ನಾವು ಹೇಳುವುದಿಲ್ಲ, ಆದರೆ ಕಾರಣವಿಲ್ಲದ ಆದೇಶ ನಿಲ್ಲುವುದಿಲ್ಲ. ಆಕೆಯನ್ನು ಕರೆದು ಕಾರಣ ತಿಳಿಸಿ, ಆಕೆಯ ಮಾತು ಕೇಳಿ, ಹೊಸದಾಗಿ ತೀರ್ಮಾನಿಸಿ.

ನಗರಸಭೆಗೆ ನಾನೂ ಜೊತೆಗೆ ಹೋದೆ. ರಾಜಧಾನಿಯಿಂದ ಹೊಸದಾಗಿ ಬಂದಿದ್ದ ಅಧಿಕಾರಿ ಉಮಾನ್ಯಾ ಕಡತ ತೆರೆದು ಓದಿದಳು: “‘ಹಳೇ ಐಸ್ ಕಾರ್ಖಾನೆಯಿಂದ ನೂರು ಮೀಟರ್ ದಕ್ಷಿಣಕ್ಕಿರುವ ಗಾಡಿಯ ಹೊಗೆ ಆಸ್ಪತ್ರೆಯ ಕಿಟಕಿಗೆ ನುಗ್ಗುತ್ತಿದೆ. ಉಬ್ಬಸದ ಮಕ್ಕಳಿಗೆ ತೊಂದರೆ.’ ಇದೇ ಕಾರಣ.”

“ಹೊಗೆನಾ?” ಮಿಸ್ ವರ್ಲೀಟಾ ಕಣ್ಣರಳಿಸಿದರು. “ಐಸಿಂದ ಹೊಗೆ ಬರುತ್ತಾ ತಾಯಿ? ನನ್ನ ಗಾಡಿ ಹತ್ರ ಆಸ್ಪತ್ರೆ ಎಲ್ಲಿದೆ?”

“ಅದೆಲ್ಲ ನಂಗೊತ್ತಿಲ್ಲ. ಕಾರ್ಖಾನೆ ಮುಚ್ಚಿದ್ರೂ ಬೋರ್ಡ್ ಇನ್ನೂ ಇದೆ. ಅಲ್ಲಿಂದ ನಾನೇ ಅಳತೆ ಮಾಡ್ದೆ. ಸಿಕ್ಕಿದ್ದು ನಿಮ್ಮ ಗಾಡಿ.”

ತಪ್ಪು ಎಲ್ಲಾಗಿದೆ ಎಂದು ನನಗೆ ಹೊಳೆಯಿತು. ನಮ್ಮೂರಿನ ವಿಳಾಸಗಳಲ್ಲಿ ಕಟ್ಟಡ ಬಿದ್ದರೂ ಹೆಸರು ಉಳಿಯುತ್ತದೆ. ಇವಳು ಅಳೆದದ್ದು ಹೊಸ ಕಾರ್ಖಾನೆಯಿಂದ. ಬಾಗಿಲು ಮುಚ್ಚಿ ವರ್ಷಗಳಾದರೂ ನಮಗೆ ಅದು ಹೊಸದೇ. ಹಳೆಯದು ಭೂಕಂಪದಲ್ಲಿ ನೆಲಸಮವಾಗಿ, ಈಗ ಅಲ್ಲಿ ಫುಟ್‌ಬಾಲ್ ಆಡುತ್ತಾರೆ. ಅಲ್ಲಿಂದ ನೂರು ಮೀಟರ್ ದಕ್ಷಿಣಕ್ಕೆ ಆಸ್ಪತ್ರೆಯಿದೆ. ಅದರ ಕಿಟಕಿಯ ಕೆಳಗೆ ನನ್ನ ಒಲೆಯಿದೆ.

ಮಿಸ್ ವರ್ಲೀಟಾಗೂ ಹೊಳೆಯಿತು. ನನ್ನನ್ನೊಮ್ಮೆ ನೋಡಿದರು, ಆಮೇಲೆ ನೆಲ ನೋಡಿದರು. ಕಾರಣ ಬೇಕು ಎಂದು ಜೀವ ತಿಂದವರು, ಅದು ಸಿಕ್ಕ ಮೇಲೆ ತುಟಿ ಬಿಚ್ಚಲಿಲ್ಲ.

“ಬೇರೇನಾದ್ರೂ ಹೇಳೋದಿದ್ಯಾ? ಇಲ್ಲಾಂದ್ರೆ ಕಡತದಲ್ಲಿರೋ ಹಾಗೇ ಬರೀತೀನಿ,” ಎಂದಳು ಉಮಾನ್ಯಾ.

ಏನೂ ಇಲ್ಲವೆಂದು ಮಿಸ್ ವರ್ಲೀಟಾ ತಲೆಯಾಡಿಸಿದರು. ನನಗೆ ನಾಚಿಕೆಯಾಯಿತು, ಅವರ ಮೇಲೆ ಕೆಟ್ಟ ಸಿಟ್ಟೂ ಬಂತು. ಎದ್ದು ನಿಂತೆ.

“ಮೇಡಂ, ನೀವು ಅಳೆದಿರೋ ಕಾರ್ಖಾನೆನೇ ಬೇರೆ. ಆಸ್ಪತ್ರೆ ಕಿಟಕಿ ಕೆಳಗೆ ಇದ್ದಿಲು ಉರಿಸೋನು ನಾನು.”

“ಕೂತ್ಕೊಳೋ, ದಡ್ಡ!” ಮಿಸ್ ವರ್ಲೀಟಾ ನನ್ನ ಅಂಗಿ ಹಿಡಿದು ಜಗ್ಗಿದರು.

ನಾನು ಕೂರಲಿಲ್ಲ.